ಗುಮ್ಮಟದ ಊರಿನ ನೀರ ದಾರಿ

ಡಿಸೆಂಬರ್ ಬಂತೆಂದರೆ ಗೋಳಗುಮ್ಮಟದ ಮುಂದಿನ ರಸ್ತೆಯಲ್ಲಿ ಬಸ್ಸುಗಳ ಸಾಲು. ರಾಜ್ಯದ ಮೂಲೆಮೂಲೆಯ ಶಾಲೆಗಳ ಮಕ್ಕಳು ಸಮವಸ್ತ್ರದ ಮೇಲೊಂದು ಸ್ವೆಟರ್ ಏರಿಸಿಕೊಂಡು, ಜೊತೆಯವರ ಕೈ ಹಿಡಿದು, ಮೇಷ್ಟ್ರ ಸೀಟಿಗೆ ಕಿವಿಗೊಟ್ಟು ಇಳಿಯುತ್ತಾರೆ. ಶೈಕ್ಷಣಿಕ ಪ್ರವಾಸದ ಹಂಗಾಮು ಅದು. ಅವರ ಬೆನ್ನಿಗೆ ನಮ್ಮಂಥ ಕುಟುಂಬಗಳ ಗುಂಪು. ಮೆಟ್ಟಿಲು ಹತ್ತುತ್ತಾರೆ, ಮೇಲೆ ಹೋಗಿ ಕೂಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದು ಶೇಂಗಾ ಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ದಾರಿ ಹಿಡಿಯುವವರೇ ಹೆಚ್ಚು. ಇನ್ನೂರು ವರ್ಷಕ್ಕೆ ತುಸು ಕಡಿಮೆ ಕಾಲ ದಖ್ಖನಿನ ರಾಜಧಾನಿಯಾಗಿ ಮೆರೆದ ಊರಿಗೆ ನಾವು ಕೊಡುವುದು ಅರ್ಧ ದಿನ. ಅದು ಸಾಲದು ಎಂದು ಹೇಳುವುದಕ್ಕೇ ಈ ಬರಹ.

ಹೇಳುವ ಧೈರ್ಯ ಬಂದದ್ದು ಕಳೆದ ಚಳಿಗಾಲದಲ್ಲಿ, ಮೂರು ಮನೆಯವರು ಒಂದು ಟಿ.ಟಿ. ಮಾಡಿಕೊಂಡು ಬೆಂಗಳೂರಿನಿಂದ ವಿಜಯಪುರಕ್ಕೆ ಹೋಗಿಬಂದ ಮೇಲೆ. ಅಮ್ಮ, ಚಿಕ್ಕಮ್ಮ, ಅಕ್ಕ-ಭಾವ, ನಮ್ಮ ಮಾವ, ಮೇಲೆ ಒಂದು ಹಿಂಡು ಮಕ್ಕಳು. ಮೊಣಕಾಲು ನೋವಿನವರು, ಮಾತ್ರೆ ಡಬ್ಬಿಯವರು, ಐದು ನಿಮಿಷ ಸುಮ್ಮನೆ ಕೂರಲಾರದವರು, ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುವಾಗ ಓಡುವುದು ಸಾಧ್ಯವಿಲ್ಲ. ನಿಧಾನವಾಗಿ ನೋಡುವುದೊಂದೇ ದಾರಿ. ಮಾವ ಊರೂರಿಗೆ ನೀರು ಹಾಯಿಸುವ ಕೆಲಸದಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಎಲ್ಲಿ ಹೋದರೂ ಅವರು ಮೊದಲು ಕೇಳುವುದು, ‘ಇಲ್ಲಿಗೆ ನೀರು ಎಲ್ಲಿಂದ ಬರುತ್ತೆ?’ ಈ ಸಲ ಆ ಪ್ರಶ್ನೆಯೇ ನಮ್ಮನ್ನು ನಡೆಸಿತು.

ಪ್ರಶ್ನೆ ಹುಟ್ಟಿದ್ದು ಬೆಳ್ಳಂಬೆಳಗ್ಗೆ ಲಾಡ್ಜಿನಲ್ಲಿ, ನಲ್ಲಿ ತಿರುವಿದರೆ ಬಿಸಿನೀರು ಬಾರದಿದ್ದಾಗ. ಬಕೆಟ್ಟಿನಲ್ಲಿ ಬಿಸಿನೀರು ತಂದುಕೊಟ್ಟ ಹುಡುಗ, ‘ಈಗೇನ್ರಿ ಕೃಷ್ಣಾ ನೀರು ಬರ್ತೈತ್ರಿ, ಮೊದಲು ಭಾಳ ತ್ರಾಸ ಇತ್ತು’ ಎಂದ. ಕೃಷ್ಣೆ ಹರಿಯುವುದು ಊರಿನಿಂದ ದೂರ, ದಕ್ಷಿಣಕ್ಕೆ. ಭೀಮೆಯೂ ದೂರವೇ, ಉತ್ತರಕ್ಕೆ. ಮಳೆ ನಂಬುವಂಥದ್ದಲ್ಲ. ಅಂಥ ಬಯಲಿನ ನಡುವೆ, ಹತ್ತಿರದಲ್ಲೊಂದು ನದಿಯೂ ಇಲ್ಲದ ಕಡೆ, ಕೋಟೆ ಕೊತ್ತಲ, ಆನೆ ಕುದುರೆ, ಬಜಾರು ತೋಟಗಳ ರಾಜಧಾನಿ ಹೇಗೆ ಬದುಕಿತು? ಗುಮ್ಮಟದ ಮುಂದೆ ನಿಂತು ಯಾರೂ ಇದನ್ನು ಕೇಳಿಕೊಳ್ಳುವುದಿಲ್ಲ.

ಆದರೂ ಶುರು ಮಾಡಬೇಕಾದದ್ದು ಗುಮ್ಮಟದಿಂದಲೇ. ಅದೂ ಬಾಗಿಲು ತೆರೆದ ಕೂಡಲೇ, ಶಾಲಾ ಬಸ್ಸುಗಳು ಬರುವ ಮೊದಲು. ಚಳಿಗಾಲದ ಬೆಳಗಿನಲ್ಲಿ ಹುಲ್ಲುಹಾಸಿನ ಮೇಲೆ ಇನ್ನೂ ಇಬ್ಬನಿ ಇರುತ್ತದೆ, ಕಲ್ಲು ಕೊರೆಯುವಷ್ಟು ತಣ್ಣಗಿರುತ್ತದೆ. ಒಳಗೆ ಕಾಲಿಟ್ಟರೆ ಒಂದು ಬದಿಗೆ 135 ಅಡಿಯ ಚೌಕ. ಹದಿನೆಂಟು ಸಾವಿರ ಚದರಡಿಗೂ ಮೀರಿದ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಮೇಲೆ ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ. ಕೆಳಗೆ ಕಟ್ಟೆಯ ಮೇಲಿನ ಗೋರಿಗಳು ಸುಲ್ತಾನ ಮುಹಮ್ಮದ್ ಆದಿಲ್ ಶಾಹ, ಅವನ ರಾಣಿಯರು, ಮಗಳು, ಮೊಮ್ಮಗ ಮತ್ತು ಸುಲ್ತಾನನಿಗೆ ಪ್ರಿಯಳಾಗಿದ್ದ ನರ್ತಕಿ ರಂಭಾ ಅವರವು. ಮೇಲೆ ಕಾಣುವುದು ಗುರುತಿಗೆ ಮಾತ್ರ. ನಿಜವಾದ ಸಮಾಧಿಗಳಿರುವುದು ನೆಲಮಾಳಿಗೆಯಲ್ಲಿ.

ಈ ಭಾರ ನಿಂತಿರುವ ಬಗೆಯನ್ನು ಮಾವ ಮಕ್ಕಳಿಗೆ ಕೈಬೆರಳುಗಳನ್ನು ಹೆಣೆದು ತೋರಿಸಿದರು. ನಾಲ್ಕು ಗೋಡೆಗಳಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸಿಕೊಂಡು ಮೇಲೆ ಹೋಗುತ್ತವೆ. ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿಟ್ಟಂತೆ ನಕ್ಷತ್ರದ ಆಕಾರ ಮೂಡುತ್ತದೆ, ಅದರ ಮೇಲೆ ವೃತ್ತ ಕೂರುತ್ತದೆ. ಅಷ್ಟು ದೊಡ್ಡ ಗುಮ್ಮಟ ಗೋಡೆಗಳನ್ನು ಹೊರಗೆ ತಳ್ಳಲು ನೋಡುತ್ತದೆ. ಕಮಾನುಗಳ ಮೇಲೆ ಒಳಮುಖವಾಗಿ ಚಾಚಿಕೊಂಡ ಗಾರೆ-ಕಲ್ಲಿನ ತೂಕ ಅದನ್ನು ಒಳಗೆ ಎಳೆದು ಹಿಡಿಯುತ್ತದೆ. ಎರಡು ಬಲಗಳ ಹಗ್ಗಜಗ್ಗಾಟದಲ್ಲಿ ಯಾರೂ ಸೋಲದೆ ಮುನ್ನೂರೈವತ್ತು ವರ್ಷ ದಾಟಿದೆ. ‘ಇದನ್ನು ಲೆಕ್ಕ ಹಾಕಿ ಕಟ್ಟಿದವರು ನಮಗಿಂತ ಕಡಿಮೆ ಓದಿದವರು ಅಂದ್ಕೋಬೇಡಿ’ ಎಂದು ಮಾವ ಹೇಳಿದ್ದನ್ನು ಮಕ್ಕಳಲ್ಲಿ ದೊಡ್ಡವನು ತನ್ನ ಪ್ರಾಜೆಕ್ಟ್ ಪುಸ್ತಕದಲ್ಲಿ ಬರೆದುಕೊಂಡ.

ಮೂಲೆಯ ಗೋಪುರದ ಮೆಟ್ಟಿಲುಗಳು ಇಕ್ಕಟ್ಟು, ಎತ್ತರೆತ್ತರ. ಏಳು ಅಂತಸ್ತು. ಅಮ್ಮ ಹೊರಟು ನಿಂತಾಗ ನಮ್ಮ ಗೈಡ್, ವಯಸ್ಸಾದ ಮನುಷ್ಯ, ತಡೆದರು. ‘ಆಯಿ, ನೀವು ಹತ್ತೂದು ಬ್ಯಾಡ್ರಿ. ಇಲ್ಲೇ ಕಟ್ಟಿ ಮ್ಯಾಲ ಕುಂಡ್ರ್ರಿ. ಮ್ಯಾಲಿಂದ ಇವರೇನ್ ಮಾತಾಡಿದ್ರೂ ನಿಮಗ ಕೇಳಿಸ್ತೈತ್ರಿ.’ ಅಮ್ಮ, ಚಿಕ್ಕಮ್ಮ ಕೆಳಗೇ ಉಳಿದರು.

ಮೇಲಿನ ಪಿಸುಮಾತಿನ ಗ್ಯಾಲರಿಯ ಕೀರ್ತಿ ಎಲ್ಲರಿಗೂ ಗೊತ್ತು. ಆದರೆ ನೂರು ಮಕ್ಕಳು ಒಟ್ಟಿಗೆ ಸಿಳ್ಳೆ ಹಾಕುವಾಗ ಅಲ್ಲಿ ಕೇಳಿಸುವುದು ಬರೀ ಗದ್ದಲ. ನಿಶ್ಶಬ್ದವಿದ್ದಾಗ ಅದು ಬೇರೆಯೇ ಜಾಗ. ಗೈಡ್ ನಮ್ಮನ್ನೆಲ್ಲ ಗೋಡೆಗೆ ಕಿವಿಯಿಟ್ಟು ನಿಲ್ಲಿಸಿ, ತಾವು ಎದುರು ಬದಿಗೆ ನಡೆದುಹೋಗಿ, ಜೇಬಿನಿಂದ ಹಳೆಯ ಬಸ್ ಟಿಕೆಟ್ ತೆಗೆದು ಹರಿದರು. ನಡುವೆ ಮೂವತ್ತೆಂಟು ಮೀಟರ್ ಬಯಲು. ಕಾಗದದ ಎಳೆ ಬಿಟ್ಟುಕೊಳ್ಳುವ ಸದ್ದು ಕಿವಿಯ ಪಕ್ಕದಲ್ಲೇ ಆಯಿತು. ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಮರಳುತ್ತದೆ ಎನ್ನುತ್ತಾರೆ. ಮಕ್ಕಳು ಎಣಿಸಿದರು, ಎಣಿಕೆ ಹೆಚ್ಚುಕಡಿಮೆಯಾಗಿ ಜಗಳವೂ ಆಯಿತು. ಮಾವನ ಬಲಗಿವಿ ಮಂದ. ಅಕ್ಕನ ಚಿಕ್ಕ ಮಗಳು ಆಚೆ ಬದಿಯಿಂದ ಗೋಡೆಗೆ ಬಾಯಿ ಹಚ್ಚಿ ‘ತಾತ, ಗೇಟಿನ ಹತ್ರ ಸೀಬೆಹಣ್ಣು ಮಾರ್ತಿದಾರೆ, ಕೊಡಿಸ್ತೀರಾ?’ ಅಂದಳು. ಮನೆಯಲ್ಲಿ ಪಕ್ಕದಲ್ಲಿ ಕೂತು ಎರಡು ಸಲ ಹೇಳಿದರೂ ಕೇಳಿಸಿಕೊಳ್ಳದ ಮಾವ, ಗೋಡೆಯತ್ತ ತಿರುಗಿ ‘ಕೊಡಿಸ್ತೀನಿ ಕಣಮ್ಮ’ ಎಂದರು.

ಬೆಂಗಳೂರಿನವರು ಈ ಗೋರಿಯ ಮುಂದೆ ನಿಂತಾಗ ನೆನೆಯಬೇಕಾದ ವಿಷಯವೊಂದಿದೆ. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದುಕೊಂಡದ್ದು ಇದೇ ಮುಹಮ್ಮದನ ಸೇನಾಪತಿ ರಣದುಲ್ಲಾ ಖಾನ್. ಜೊತೆಗಿದ್ದ ಶಹಾಜಿ ಭೋಸಲೆಗೆ, ಶಿವಾಜಿಯ ತಂದೆಗೆ, ಬೆಂಗಳೂರು ಜಹಗೀರಾಗಿ ಸಿಕ್ಕಿತು. ನಮ್ಮ ಊರಿನ ಆಗುಹೋಗು ಒಂದು ಕಾಲಕ್ಕೆ ಇಲ್ಲಿ ತೀರ್ಮಾನವಾಗುತ್ತಿತ್ತು. ಮಕ್ಕಳ ಪಠ್ಯದಲ್ಲಿ ಬೆಂಗಳೂರು ಒಂದು ಪಾಠ, ವಿಜಯಪುರ ಇನ್ನೊಂದು ಪಾಠ. ನಡುವಿನ ಈ ಕೊಂಡಿಯನ್ನು ಯಾರೂ ಕಲಿಸುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಶಿಲ್ಪಗಳು, ಚೀನಿ ಪಿಂಗಾಣಿ, ಹಸ್ತಪ್ರತಿಗಳು. ಮೆಟ್ಟಿಲು ಹತ್ತಲಾಗದವರು ಕಾಯುತ್ತ ಕೂರುವ ಬದಲು ಇಲ್ಲಿ ಒಂದು ಗಂಟೆ ಕಳೆಯಬಹುದು.

ಹೊರಗೆ ಬಂದಾಗ ಬಸ್ಸುಗಳು ಬಂದಿದ್ದವು, ಗುಮ್ಮಟ ಮೊರೆಯತೊಡಗಿತ್ತು. ಗೈಡ್ ‘ಈಗ ಇಬ್ರಾಹಿಂ ರೋಜಾಕ್ಕ ಹೋಗೂಣ್ರಿ’ ಎಂದರು. ಮಾವ ಮಾತ್ರ ಬಿಡಲಿಲ್ಲ, ನೀರಿನ ಮಾತು ತೆಗೆದರು. ಗೈಡ್ ಅವರನ್ನೇ ನೋಡಿದರು. ‘ಗುಮ್ಮಟ ಎಲ್ಲಾರೂ ನೋಡ್ತಾರ್ರಿ ಸರ. ನೀರಿನ ಹಾದಿ ಯಾರೂ ಕೇಳಂಗಿಲ್ಲ. ಬರ್ರಿ, ತೋರಸ್ತೀನಿ.’ ಅಲ್ಲಿಂದ ಮುಂದಕ್ಕೆ ನಮ್ಮ ಪ್ರವಾಸದ ಪಟ್ಟಿ ಬದಲಾಯಿತು.

ಊರಿನ ಪಶ್ಚಿಮಕ್ಕೆ, ಮಕ್ಕಾ ದರವಾಜೆಯ ಕಡೆಗೆ, ತಾಜ್ ಬಾವಡಿ. ಹೆಸರು ಬಾವಡಿಯಾದರೂ ಕೆರೆಯಷ್ಟು ವಿಸ್ತಾರ. ಒಂದೊಂದು ಬದಿಯೂ ಇನ್ನೂರು ಅಡಿಗೂ ಹೆಚ್ಚು, ಆಳ ಐವತ್ತು ಅಡಿ. ರಸ್ತೆಯಿಂದ ನೋಡಿದರೆ ಎರಡು ಎಂಟುಮೂಲೆಯ ಗೋಪುರಗಳ ನಡುವೆ 35 ಅಡಿ ಅಗಲದ ಕಮಾನು ಮಾತ್ರ ಕಾಣುತ್ತದೆ. ಕಮಾನಿನ ಕೆಳಗೆ ಹೋದರೆ ನೆಲ ಒಮ್ಮೆಲೇ ಇಳಿದು ಹಸಿರು ನೀರು. ಎರಡೂ ಬದಿಗೆ ಮೆಟ್ಟಿಲು, ಸುತ್ತ ದಾರಿಹೋಕರು ತಂಗಲು ಕೋಣೆಗಳು. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ್ದು. ಊರಿನ ಪೂರ್ವಕ್ಕೆ ಇದಕ್ಕಿಂತ ಹಳೆಯದಾದ ಚಾಂದ್ ಬಾವಡಿ ಇದೆ. ಅದು ಒಂದನೆಯ ಅಲಿ ಆದಿಲ್ ಶಾಹನ ಕಾಲದ್ದು, ಅವನ ರಾಣಿ, ಮುಂದೆ ಅಹಮದ್‌ನಗರದಲ್ಲಿ ಮೊಘಲರನ್ನು ಎದುರಿಸಿ ನಿಂತ ಚಾಂದ್ ಬೀಬಿಯ ಹೆಸರಿನದು. ತಾಳಿಕೋಟೆಯ ಯುದ್ಧ ನಡೆದದ್ದು 1565ರಲ್ಲಿ. ವಿಜಯನಗರ ಹಾಳಾದ ಮೇಲೆ ಈ ಊರಿಗೆ ಜನ ನುಗ್ಗಿ ಬಂದರು. ಪೇಟೆಗಳು ಬೆಳೆದವು, ನೀರಿನ ಬೇಡಿಕೆ ಬೆಳೆಯಿತು. ರಾಣಿಯರ ಹೆಸರು ಹೊತ್ತ ಈ ಬಾವಡಿಗಳ ಹಿಂದೆ ಬಾಯಾರಿದ ರಾಜಧಾನಿಯೊಂದಿದೆ.

ತಾಜ್ ಬಾವಡಿ ಬಹುಕಾಲ ಹೂಳು, ಕಸ ತುಂಬಿಕೊಂಡು ನಾರುತ್ತಿತ್ತು. ಕಳೆದ ದಶಕದಲ್ಲಿ ಊರಿನ ಬಾವಡಿಗಳ ಹೂಳೆತ್ತುವ ಕೆಲಸ ನಡೆದು ಮತ್ತೆ ನೀರು ಕಂಡಿತು. ಅಮ್ಮ ಮೆಟ್ಟಿಲ ಮೇಲೆ ಕೂತವರು ಏಳಲೊಲ್ಲೆ ಎಂದರು. ಮೆಟ್ಟಿಲ ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳನ್ನು ಬೆರಳಿನಲ್ಲಿ ಸವರುತ್ತ, ‘ಎಷ್ಟು ಹೆಂಗಸರು ಸೇದಿರಬೇಕು’ ಎಂದರು. ಗುಮ್ಮಟ ನೋಡಿ ಅವರು ಹೀಗೆ ಏನೂ ಹೇಳಿರಲಿಲ್ಲ. ಮುಹಮ್ಮದನ ಗೋರಿ ಅವರ ಪಾಲಿಗೆ ದೊಡ್ಡ ಕಟ್ಟಡ, ಇದು ಅವರಿಗೆ ಗೊತ್ತಿರುವ ಕೆಲಸ.

ತಾಜ್ ಬಾವಡಿಯಿಂದ ಇಬ್ರಾಹಿಂ ರೋಜಾ ದೂರವಿಲ್ಲ, ಆದರೆ ಅದನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮಧ್ಯೆ ಊಟ. ಊಟದ ವಿಷಯವನ್ನು ಬೇಗ ಮುಗಿಸಲಾರೆ, ಯಾಕೆಂದರೆ ಚಳಿಗಾಲದ ವಿಜಯಪುರಕ್ಕೆ ಅದೇ ಒಂದು ಕಾರಣವಾಗಬಲ್ಲದು. ಖಾನಾವಳಿಯ ಒಳಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇರುತ್ತದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಪಕ್ಕದಲ್ಲಿ ಒಂದು ತಟ್ಟೆ ತುಂಬ ಹಸಿ ಉಳ್ಳಾಗಡ್ಡಿ, ಮೆಂತ್ಯದ ಎಳೆ ಸೊಪ್ಪು, ಹಕ್ಕರಕಿ. ಹಕ್ಕರಕಿ ಹಿಂಗಾರಿ ಹೊಲಗಳಲ್ಲಿ ತಾನಾಗಿ ಹುಟ್ಟುವ ಸೊಪ್ಪು, ತುಸು ಕಹಿ, ಹಿಂಡಿ ಹಚ್ಚಿ ಹಸಿಯಾಗಿಯೇ ತಿನ್ನುತ್ತಾರೆ. ಬೇಸಿಗೆಯಲ್ಲಿ ಬಂದವರಿಗೆ ಸಿಗುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಈ ಕಾಲದ್ದೇ. ‘ಇನ್ನೊಂದು ಹಾಕ್ಲೇನ್ರಿ ಅಕ್ಕಾರ?’ ಎಂದು ಕೇಳುತ್ತಲೇ ಬಡಿಸುವವಳು ರೊಟ್ಟಿ ಹಾಕಿ ಹೋಗಿಯೇ ಬಿಡುತ್ತಿದ್ದಳು.

ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಮಕ್ಕಳು ಹೆಚ್ಚು ಹೊತ್ತು ನಿಂತರು, ದೊಡ್ಡವರು ಕಡಿಮೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿಯೇ ಒಂದು ಸಿಂಹದ ತಲೆ. ಅದರ ದವಡೆಯ ನಡುವೆ ಸಿಕ್ಕಿಕೊಂಡಿರುವುದು ಆನೆ. 1632ರಲ್ಲಿ ಪರಾಂಡಾದಿಂದ ಇಲ್ಲಿಗೆ ತಂದರು. ಮಧ್ಯಾಹ್ನದ ಬಿಸಿಲಿನಲ್ಲೂ ಲೋಹ ತಣ್ಣಗೇ ಇರುತ್ತದೆ ಎನ್ನುತ್ತಾರೆ, ಚಳಿಗಾಲದಲ್ಲಿ ಅದನ್ನು ಪರೀಕ್ಷಿಸಲಾಗಲಿಲ್ಲ. ಪಕ್ಕದಲ್ಲಿ ನೀರಿನ ತೊಟ್ಟಿ. ಬತ್ತಿಗೆ ಬೆಂಕಿಯಿಟ್ಟವನು ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದ ಎಂದು ಗೈಡುಗಳು ಕತೆ ಹೇಳುತ್ತಾರೆ. ಸನಿಹದ ಉಪಲಿ ಬುರುಜು 80 ಅಡಿ ಎತ್ತರ. ಮೆಟ್ಟಿಲು ಹೊರಗಡೆಯೇ ಸುತ್ತಿಕೊಂಡು ಹೋಗುವುದರಿಂದ ಗಾಳಿ-ಬೆಳಕಿದೆ, ಆದರೆ ಚಿಕ್ಕ ಮಕ್ಕಳ ಕೈ ಬಿಡಬಾರದು. ಮೇಲಿನಿಂದ ಊರು ಓದಲು ಸಿಗುತ್ತದೆ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ, ಒಳಗೆ ಇನ್ನೊಂದು ಸುತ್ತಿನ ಅರಮನೆ ಕೋಟೆ, ದೂರದಲ್ಲಿ ಗುಮ್ಮಟ, ಮುಗಿಯದೆ ನಿಂತ ಬಾರಾ ಕಮಾನಿನ ಕಪ್ಪು ಕಮಾನುಗಳು.

ಅಲ್ಲಿ ನಿಂತೇ ಗೈಡ್ ಪಶ್ಚಿಮಕ್ಕೆ ಕೈ ತೋರಿದರು. ‘ಆ ಕಡೆ ತೊರವಿ ಐತ್ರಿ. ನೀರು ಅಲ್ಲಿಂದ ಬರ್ತಿತ್ತು.’ ಮಾವ ಮಕ್ಕಳಿಂದ ಪೆನ್ನು ತೆಗೆದುಕೊಂಡು ನಕ್ಷೆಯ ಮೇಲೆ ಒಂದು ಗೆರೆ ಎಳೆದರು.

ಸಂಜೆ ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಕಟ್ಟಿಸತೊಡಗಿದ್ದು ರಾಣಿ ತಾಜ್ ಸುಲ್ತಾನಾಳಿಗೆಂದು. ಇಬ್ರಾಹಿಂ 1627ರಲ್ಲಿ ತೀರಿಕೊಂಡಾಗ ಅವನೂ ಇಲ್ಲೇ ಮಲಗಿದ. ಕೆಲಸದ ಹೊಣೆ ಹೊತ್ತವನು ಮಲಿಕ್ ಸಂದಲ್. ಗೋಳಗುಮ್ಮಟ ದೂರದಿಂದ ನೋಡಬೇಕಾದ ಕಟ್ಟಡವಾದರೆ ಇದು ಮೂಗು ತಾಗಿಸಿ ನೋಡಬೇಕಾದದ್ದು. ಗೋಡೆಯ ಕಿಟಕಿಗಳಲ್ಲಿ ಜಾಲಂಧ್ರ ಹೆಣೆದಿರುವುದು ಅಕ್ಷರಗಳಿಂದಲೇ. ಕಲ್ಲನ್ನು ಕೊರೆದು ಅರಬ್ಬಿ ಬರಹವನ್ನು ಉಳಿಸಿ, ನಡುವಿನ ಜಾಗವನ್ನು ತೆಗೆದಿದ್ದಾರೆ. ಒಳಗೆ ಬೆಳಕು ಬರುವುದು ಆ ಅಕ್ಷರಗಳ ಸಂದಿಯಿಂದ. ಚಳಿಗಾಲದ ಇಳಿಬಿಸಿಲು ಕೆಳಮಟ್ಟದಲ್ಲಿ ಬಂದು ಪಶ್ಚಿಮದ ಗೋಡೆಯ ಕೆತ್ತನೆಯ ಒಂದೊಂದು ಅಂಚನ್ನೂ ಎತ್ತಿ ತೋರಿಸುತ್ತಿತ್ತು. ಸೂರಿನ ಕೆಳಗೆ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಯ ಕೊಂಡಿಗಳು ತೂಗುತ್ತವೆ.

ಗೋರಿಯ ಕೋಣೆಯ ಮಾಳಿಗೆಯನ್ನು ಕತ್ತೆತ್ತಿ ನೋಡುವುದನ್ನು ಮರೆಯಬೇಡಿ. ಸುಮಾರು 40 ಅಡಿ ಚೌಕದ ಕೋಣೆ. ಮೇಲೆ ಚಪ್ಪಡಿಗಳು ಅಂಚಿಗೆ ಅಂಚು ತಾಗಿಕೊಂಡು ಸಮತಟ್ಟಾಗಿ ಹರಡಿವೆ. ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ಗಾರೆಯ ಬಿಗಿಯಲ್ಲೇ ನಿಂತಿದೆ. ಈ ಊರಿನ ಕಟ್ಟಡಗಳನ್ನು ಅಳೆದು ಚಿತ್ರಿಸಿ 1916ರಲ್ಲಿ ದೊಡ್ಡ ಗ್ರಂಥ ತಂದ ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಕೂಡ ಈ ಮಾಳಿಗೆಯ ಧೈರ್ಯಕ್ಕೆ ತಲೆದೂಗಿದ್ದಾರೆ. ಭಾವ ನೆಲದ ಮೇಲೆ ಅಂಗಾತ ಮಲಗಿ ನೋಡಿದರು. ಮಕ್ಕಳೂ ಮಲಗಿದರು.

ಈ ಇಬ್ರಾಹಿಮನ ಬಗ್ಗೆ ಮನೆಯ ಮಕ್ಕಳಿಗೆ ಹೇಳಲೇಬೇಕು. 1580ರಲ್ಲಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಸಂಗೀತದ ಹುಚ್ಚು. ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕವನ್ನು ದಖ್ಖನಿ ಮಾತಿನಲ್ಲಿ ತಾನೇ ಬರೆದ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿ ಇದ್ದಾನೆ, ತನ್ನ ಆನೆ ಆತಿಶ್ ಖಾನ್, ತನ್ನ ತಂಬೂರಿ ಮೋತಿ ಖಾನ್ ಕೂಡ ಇವೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಇತಿಹಾಸಕಾರ ಫಿರಿಶ್ತಾ ತನ್ನ ಚರಿತ್ರೆಯನ್ನು ಬರೆದದ್ದು ಇವನ ಆಸರೆಯಲ್ಲಿ. ಅಕ್ಬರನ ದೂತ ಅಸದ್ ಬೇಗ್ ಇವನ ಕಾಲದ ವಿಜಯಪುರದ ಬಜಾರನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅವನು ಇಲ್ಲಿಂದ ಒಯ್ದ ತಂಬಾಕೇ ಅಕ್ಬರನ ಆಸ್ಥಾನಕ್ಕೆ ಮೊದಲು ಕಾಲಿಟ್ಟದ್ದು. ಚಿಕ್ಕಮ್ಮ ಸಂಗೀತದ ಟೀಚರು. ತಂಬೂರಿಗೆ ಹೆಸರಿಟ್ಟ ರಾಜ ಎಂದು ಕೇಳಿದ್ದೇ ಅವರು ಗೋರಿಯ ಹತ್ತಿರ ಹೋಗಿ ಕೈಮುಗಿದು ಬಂದರು. ಆ ದಿನ ನನಗೆ ಹೆಚ್ಚು ಇಷ್ಟವಾದ ಕ್ಷಣ ಅದು.

ಇಬ್ರಾಹಿಮನಿಗೆ ವಿಜಯಪುರವೂ ಸಾಲಲಿಲ್ಲ. 1599ರಲ್ಲಿ ಪಶ್ಚಿಮಕ್ಕೆ, ತೊರವೆಯ ಬಳಿ, ನವರಸಪುರ ಎಂಬ ಹೊಸ ಊರನ್ನೇ ಕಟ್ಟಿಸತೊಡಗಿದ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಕೆಡವಿದ. ಈಗ ಅಲ್ಲಿ ಉಳಿದಿರುವುದರಲ್ಲಿ ಸಂಗೀತ ಮಹಲಿನ ಕಮಾನುಗಳು ಮುಖ್ಯ.

ಮರುದಿನ ಬೆಳಗ್ಗೆ ಅಲ್ಲಿಗೇ ಹೊರಟೆವು. ತೊರವೆ ಊರಿನಿಂದ ಐದಾರು ಕಿಲೋಮೀಟರ್. ಕನ್ನಡಿಗರಿಗೆ ಈ ಹೆಸರು ಗೊತ್ತಿರುವುದು ‘ತೊರವೆ ರಾಮಾಯಣ’ದಿಂದ. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಭಾಮಿನಿ ಷಟ್ಪದಿಯಲ್ಲಿ ಬರೆದು ತೊರವೆಯ ನರಸಿಂಹನಿಗೆ ಅರ್ಪಿಸಿದ ಕಾವ್ಯ. ಗಮಕಿಗಳ ಬಾಯಲ್ಲಿ ಅದನ್ನು ಕೇಳುತ್ತ ಬೆಳೆದ ಅಮ್ಮನಿಗೆ, ಆ ತೊರವೆ ನಿಜವಾದ ಒಂದು ಊರು, ಅದು ವಿಜಯಪುರದ ಮಗ್ಗುಲಲ್ಲೇ ಇದೆ ಎಂದು ಗೊತ್ತೇ ಇರಲಿಲ್ಲ. ನರಸಿಂಹನ ಗುಡಿಯಲ್ಲಿ ಮಂಗಳಾರತಿ ತೆಗೆದುಕೊಂಡು ಅವರು ಬಹಳ ಹೊತ್ತು ಕೂತರು. ರಾಜಧಾನಿಗೆ ನೀರು ಕೊಟ್ಟ ನೆಲವೇ ಕನ್ನಡಕ್ಕೆ ಒಂದು ರಾಮಾಯಣವನ್ನೂ ಕೊಟ್ಟಿದೆ. ಯಾವ ಪ್ರವಾಸಿ ಕೈಪಿಡಿಯೂ ಈ ಎರಡನ್ನು ಒಂದೇ ಪುಟದಲ್ಲಿ ಹೇಳಿದ್ದನ್ನು ನಾನು ಕಂಡಿಲ್ಲ.

ಸುರಂಗ ಬಾವಡಿಗೆ ದಾರಿ ತೋರಿಸಿದವರು ಹೊಲದ ರೈತರು. ಎತ್ತರದ ನೆಲದಲ್ಲಿ ಅಂತರ್ಜಲ ಸಿಗುವ ಮಟ್ಟಕ್ಕೆ ಅಗೆದು, ಅಲ್ಲಿಂದ ಊರಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು ಸುರಂಗ ಕೊರೆಯುವುದು ಪರ್ಷಿಯಾದಿಂದ ಬಂದ ವಿದ್ಯೆ. ಕರೇಜ್ ಎನ್ನುತ್ತಾರೆ, ಬೀದರಿನಲ್ಲೂ ಇದೆ. ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಕೊರೆದ ಮಣ್ಣನ್ನು ಮೇಲೆತ್ತಲು, ಗಾಳಿಗೆ, ಆಮೇಲೆ ಹೂಳು ತೆಗೆಯಲು ಅವೇ ಆಧಾರ. ಯಂತ್ರವಿಲ್ಲ, ಎತ್ತಿಲ್ಲ, ರಾಟೆಯಿಲ್ಲ. ನೀರು ತನ್ನ ತೂಕಕ್ಕೆ ತಾನೇ ನಡೆದುಹೋಗುತ್ತದೆ, ನೆಲದೊಳಗೆ ಹೋಗುವುದರಿಂದ ಬಿಸಿಲಿಗೆ ಆರುವುದಿಲ್ಲ, ಶತ್ರುವಿನ ಕಣ್ಣಿಗೂ ಬೀಳುವುದಿಲ್ಲ. ಊರೊಳಗೆ ಅದು ತಾಜ್ ಬಾವಡಿಗೆ, ಅಲ್ಲಿಂದ ಆಚೆಗೆ ಸೇರುತ್ತಿತ್ತು. ಕೊಳವೆಗಳ ದಾರಿಯಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳಿದ್ದವು, ಕೆಲವು ಈಗಲೂ ರಸ್ತೆ ಬದಿಯಲ್ಲಿ ನಿಂತಿವೆ. ನೀರು ಇವುಗಳೊಳಗೆ ಮೇಲೇರಿ ಇಳಿಯುವಾಗ ಹೂಳು ತಳದಲ್ಲಿ ಉಳಿಯುತ್ತದೆ, ಒತ್ತಡ ಕಡಿಮೆಯಾಗಿ ಮಣ್ಣಿನ ಕೊಳವೆ ಒಡೆಯುವುದಿಲ್ಲ. ‘ನಾವೂ ಇದನ್ನೇ ಮಾಡ್ತಿದ್ವಿ, ಕಾಂಕ್ರೀಟಿನಲ್ಲಿ’ ಎಂದರು ಮಾವ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರಲ್ಲಿ ಜಗತ್ತು ಗಮನಹರಿಸಬೇಕಾದ ಪಾರಂಪರಿಕ ತಾಣಗಳ ಪಟ್ಟಿಗೆ ಸುರಂಗ ಬಾವಡಿಯನ್ನೂ ಸೇರಿಸಿತು. ಜಗತ್ತು ಗಮನಿಸಲಿ, ಮೊದಲು ನಮ್ಮ ಶಾಲಾ ಬಸ್ಸುಗಳು ಇಲ್ಲಿಯತನಕ ಬರಲಿ.

ಪಕ್ಕದ ಹೊಲದಲ್ಲಿ ಬೇಗ ಬಿತ್ತಿದ ಒಂದು ಪಟ್ಟಿ ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಹೊಲದವರು ‘ಸೀತನಿ ತಿಂದು ಹೋಗ್ರಿ’ ಎಂದು ಕೂರಿಸಿದರು. ಚಿಕ್ಕ ಗುಂಡಿಯಲ್ಲಿ ಕುಳ್ಳಿನ ಕೆಂಡ, ಅದರೊಳಗೆ ತೆನೆ ಹುದುಗಿಸಿ ತಿರುವುತ್ತಾರೆ. ಬೆಂದ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಪೇಪರಿನ ಮೇಲೆ ಸುರಿದರು. ಜೊತೆಗೆ ಬೆಲ್ಲ, ಒಣಕೊಬ್ಬರಿ, ಶೇಂಗಾ ಹಿಂಡಿ. ಹೊಗೆಯ ವಾಸನೆ, ಒಳಗೆ ಹಾಲಿನ ಸಿಹಿ. ಮಕ್ಕಳ ಕೈ, ಮೂಗು ಎಲ್ಲ ಮಸಿ. ‘ಈ ಜೋಳಕ್ಕೆ ಎಷ್ಟು ಸಲ ನೀರು ಕಟ್ತೀರಿ?’ ಎಂದು ಮಾವ ಕೇಳಿದರು. ‘ನೀರ್ಯಾಕ್ರಿ? ಎರಿ ಭೂಮಿ. ಹಸಿ ಹಿಡಕೊಂಡಿರ್ತೈತಿ. ಮ್ಯಾಲ ಥಂಡಿ ಬಿದ್ರ ಸಾಕು.’ ಈ ನೆಲದ ವಿಚಿತ್ರ ಇದೇ. ಕಪ್ಪುಮಣ್ಣು ತಾನು ಕುಡಿದ ಮಳೆಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಜೋಳ ಬೆಳೆಯುತ್ತದೆ, ಆದರೆ ಮನುಷ್ಯನ ಬೊಗಸೆಗೆ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಅನ್ನಕ್ಕೆ ಕೊರತೆಯಿಲ್ಲದ, ನೀರಿಗೆ ಕೊರತೆಯ ಊರಿನಲ್ಲಿ ರಾಜಧಾನಿ ಕಟ್ಟುವವನು ಸೇನೆಯ ಜೊತೆಗೆ ನೀರಿನ ಕುಶಲಿಗರನ್ನೂ ಸಾಕಬೇಕಾಗುತ್ತದೆ. ಆದಿಲ್ ಶಾಹಿಗಳು ಸಾಕಿದರು.

ತೊರವೆಯಿಂದ ಮರಳಿ ಅರಮನೆ ಕೋಟೆಯೊಳಗೆ ಹೊಕ್ಕಾಗ ಕಣ್ಣು ಬೇರೆಯಾಗಿತ್ತು. ಸಾತ್ ಮಂಜಿಲಿನ ಮುರಿದ ಗೋಡೆಗಳಲ್ಲಿ ಮಕ್ಕಳು ನೀರಿನ ಕೊಳವೆಯ ಗುರುತು ಹುಡುಕಿದರು. ಎದುರಿಗೆ ರಸ್ತೆಯ ಅಂಚಿನಲ್ಲೇ ಜಲ ಮಂಜಿಲ್ ಎಂಬ ಪುಟ್ಟ ಮಂಟಪ, ಒಂದು ಕಾಲಕ್ಕೆ ನೀರಿನ ನಡುವೆ ನಿಂತಿದ್ದದ್ದು. ಗಗನ ಮಹಲಿನ ಅಂಗಳದಲ್ಲಿ ಶಾಲಾ ಮಕ್ಕಳು ಸಾಲಾಗಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. 1561ರ ಕಟ್ಟಡ, ನಡುವಿನ ಕಮಾನಿನ ಅಗಲವೇ 60 ಅಡಿ. ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 1686ರಲ್ಲಿ ಔರಂಗಜೇಬನ ಮುಂದೆ ಕೊನೆಯ ಅರಸು ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ನಿಲ್ಲಿಸಿದ್ದು ಇಲ್ಲೇ ಎಂದು ಪ್ರತೀತಿ. ಅಲ್ಲಿಗೆ ರಾಜಧಾನಿ ಮುಗಿಯಿತು. ಆಮೇಲೆ ಊರು ಬರಿದಾಯಿತು, ಅರಮನೆಗಳು ಕುಸಿದವು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೆಯ ಮಹಲುಗಳಲ್ಲೇ ಕಚೇರಿಗಳನ್ನು ತೆರೆದರು.

ಆಸಾರ್ ಮಹಲಿನ ಮುಂದೆ ಮತ್ತೆ ನೀರು. 1646ರ ಈ ಕಟ್ಟಡ ಮೊದಲು ನ್ಯಾಯಸಭೆ, ಆಮೇಲೆ ಪ್ರವಾದಿಯ ಕೇಶವನ್ನು ಇರಿಸಿದ ಪವಿತ್ರ ಸ್ಥಳ. ಅದರ ಎದುರಿನ ಚೌಕ ಹೊಂಡಕ್ಕೆ ನೀರು ಬರುತ್ತಿದ್ದದ್ದು ಬೇಗಂ ತಲಾಬಿನಿಂದ. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ, ತೊರವೆಯ ನೀರು ಸಾಲದಾದಾಗ, ಊರಿನ ದಕ್ಷಿಣಕ್ಕೆ ಕಟ್ಟಿಸಿದ ಕೆರೆ ಅದು. ತನ್ನ ಗೋರಿಯ ಗುಮ್ಮಟ ಮೇಲೇಳುತ್ತಿದ್ದ ಕಾಲದಲ್ಲೇ ಅವನು ಕೆರೆಯನ್ನೂ ಕಟ್ಟಿಸಿದ್ದಾನೆ. ಜನ ಅವನನ್ನು ಗುಮ್ಮಟಕ್ಕೆ ನೆನೆಯುತ್ತಾರೆ. ನಾನು ಇನ್ನು ಮೇಲೆ ಕೆರೆಗೂ ನೆನೆಯುತ್ತೇನೆ.

ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇಷ್ಟು ಹೇಳಬಲ್ಲೆ: ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ದನಗಳ ಸಂತೆ, ಆಗ ಕೋಣೆ ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಬೆಳಗ್ಗೆ-ರಾತ್ರಿ ಶಾಲು ಬೇಕು, ಮಧ್ಯಾಹ್ನ ಟೋಪಿ ಬೇಕು. ಬಾವಡಿ, ರೋಜಾ, ಗಗನ ಮಹಲ್, ಜುಮ್ಮಾ ಮಸೀದಿ ಇವೆಲ್ಲ ಹೆಚ್ಚು ಹತ್ತದೆ ನೋಡುವಂಥವು. ಗುಮ್ಮಟಕ್ಕೆ, ಉಪಲಿ ಬುರುಜಿಗೆ ಮಾತ್ರ ಗಟ್ಟಿ ಕಾಲು ಬೇಕು. ಎರಡು ರಾತ್ರಿಯಾದರೂ ಉಳಿಯಿರಿ.

ಹೊರಡುವ ದಿನ ಬಾದಾಮಿಯೋ ನೇರ ಊರೋ ಎಂದು ಚರ್ಚೆ ನಡೆದಿತ್ತು. ದೊಡ್ಡವನು ನಕ್ಷೆ ಬಿಡಿಸಿದ. ತಾತ ಎಳೆದ ಗೆರೆಗೆ ಅವನು ಇನ್ನೊಂದನ್ನು ಸೇರಿಸಿದ್ದ, ಆಸಾರ್ ಮಹಲಿನಿಂದ ದಕ್ಷಿಣಕ್ಕೆ. ‘ಬೇಗಂ ತಲಾಬ್ ನೋಡೇ ಇಲ್ಲ’ ಎಂದ. ದಾರಿಯೂ ಆ ಕಡೆಗೇ ಇದ್ದುದರಿಂದ ಯಾರೂ ಬೇಡ ಎನ್ನಲಿಲ್ಲ. ಏರಿಯ ಮೇಲೆ ಎಲ್ಲರೂ ಇಳಿದರು. ಮಾವ ತೂಬು ಎಲ್ಲಿರಬಹುದು ಎಂದು ಅಳೆಯುತ್ತ ನಡೆದರು, ಮಕ್ಕಳು ಹಿಂದೆ ಹೋದರು. ಅಮ್ಮ ಬುತ್ತಿಯಲ್ಲಿ ಉಳಿದಿದ್ದ ಸಜ್ಜೆ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚಿದರು. ಗಾಡಿ ಹತ್ತುವಾಗ ಹನ್ನೊಂದು ದಾಟಿತ್ತು. ಊಟಕ್ಕೆ ಆಲಮಟ್ಟಿಯಲ್ಲಿ ನಿಲ್ಲಿಸುತ್ತೇನೆ ಎಂದು ಡ್ರೈವರ್ ಹೇಳಿದರು.